ರಾಗಿಯಿಂದ ಸಿಹಿ ಇಳಿಸಿದ ಮೇಷ್ಟ್ರು

ಅವರು ತೀರಿಕೊಂಡ ಸುದ್ದಿಯನ್ನು ಅರಸೀಕೆರೆ ಬಸ್ ನಿಲ್ದಾಣದಲ್ಲಿ ಹಳೆಯ ಸಹೋದ್ಯೋಗಿಯೊಬ್ಬರು ಹೇಳಿದರು. “ಎಂಥಾ ಬುದ್ಧಿವಂತ ಮನುಷ್ಯ ಕಣ್ರೀ. ಈ ಊರಲ್ಲಿ ಇದ್ದು ಹಾಳಾದ” ಎಂದರು. ನಾನು ಹೂಂ ಎನ್ನಲಿಲ್ಲ. ಸತ್ತವರನ್ನು ಒಳ್ಳೆಯ ಮಾತಾಡಿ ಕಳಿಸಿಕೊಡಬೇಕು ಎಂಬುದು ನನಗೂ ಗೊತ್ತು. ಆದರೆ ಈ ಮನುಷ್ಯನನ್ನು ಹಾಗೆ ಕಳಿಸಿಕೊಟ್ಟರೆ ಬದುಕಿರುವ ಇನ್ನೊಬ್ಬರಿಗೆ ಅನ್ಯಾಯವಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ತಮ್ಮ ಹೆಸರು ಎಲ್ಲಿ ಅಚ್ಚಾದರೂ, ಯಾವ ಕಾರಣಕ್ಕೆ ಅಚ್ಚಾದರೂ ಅವರಿಗೆ ಸಂತೋಷವಾಗುತ್ತಿತ್ತು. ಆ ಸಂತೋಷ ಕೊಡಲು ನನಗೆ ಇಷ್ಟವಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅರಸೀಕೆರೆಯ ಕಾಲೇಜೊಂದಕ್ಕೆ ಭೌತಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಅವರು ಅಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಪ್ರಯೋಗಾಲಯದ ಬಿಳಿ ಕೋಟನ್ನು ತೊಟ್ಟುಕೊಂಡೇ ಹೋಟೆಲಿಗೆ ಹೋಗುತ್ತಿದ್ದರು, ಅಂಚೆ ಕಚೇರಿಗೆ ಹೋಗುತ್ತಿದ್ದರು, ಒಮ್ಮೆ ಮದುವೆಗೂ ಹೋಗಿದ್ದರು. ಹಾಗಂತ ಆ ಕೋಟಿನ ಮೇಲೆ ಒಂದು ಹನಿ ಆಸಿಡ್ಡಿನ ಕಲೆ ಇರಲಿಲ್ಲ. ತರಗತಿಯಲ್ಲಿ ಪ್ರಯೋಗ ತೋರಿಸುವಾಗ ಬೀಕರನ್ನು ಅಟೆಂಡರ್ ಹಿಡಿದುಕೊಳ್ಳಬೇಕು. ಇವರು ಅಟೆಂಡರನ ಮಣಿಕಟ್ಟು ಹಿಡಿದು ಬೀಕರನ್ನು ತಮ್ಮ ಕಣ್ಣಿನ ಮಟ್ಟಕ್ಕೆ ಎತ್ತಿ, ತಲೆ ವಾಲಿಸಿ ನೋಡಿ, “ಅಬ್ಸರ್ವೇಷನ್ ಕಣ್ರಯ್ಯಾ, ಅಬ್ಸರ್ವೇಷನ್” ಎನ್ನುತ್ತಿದ್ದರು. ತಮ್ಮ ಹಾಸ್ಯಕ್ಕೆ ತಾವೇ ಮೊದಲು ನಕ್ಕು, ಯಾರು ನಗಲಿಲ್ಲ ಎಂದು ಸುತ್ತ ನೋಡಿ ಗುರುತಿಟ್ಟುಕೊಳ್ಳುತ್ತಿದ್ದರು.

ಅವರ ದೊಡ್ಡಸ್ತಿಕೆಗೆಲ್ಲ ಬುನಾದಿ ಒಂದೇ. ಹರೆಯದಲ್ಲಿ ಬೆಂಗಳೂರಿನ ಬಿಯರ್ ಕಾರ್ಖಾನೆಯೊಂದರಲ್ಲಿ ಕೆಮಿಸ್ಟಾಗಿ ಇದ್ದರಂತೆ. ನಾನು ಸೇರಿದ ತಿಂಗಳಲ್ಲಿ ಅದು ಎಂಟು ತಿಂಗಳ ನೌಕರಿಯಾಗಿತ್ತು. ವರ್ಷ ತುಂಬುವಷ್ಟರಲ್ಲಿ ಎರಡು ವರ್ಷವಾಯಿತು. ನಾನು ಆ ಕಾಲೇಜು ಬಿಡುವ ಹೊತ್ತಿಗೆ ಐದು ವರ್ಷವಾಗಿ, ಕಾರ್ಖಾನೆಯನ್ನೇ ಇವರು ನಡೆಸುತ್ತಿದ್ದರು ಎಂಬಲ್ಲಿಗೆ ಬಂದು ನಿಂತಿತ್ತು. ಯಾಕೆ ಬಿಟ್ಟಿರಿ ಸಾರ್ ಎಂದು ಕೇಳಿದರೆ, “ನನ್ನ ಸ್ಟ್ಯಾಂಡರ್ಡ್ ತಡ್ಕೊಳ್ಳೋಕೆ ಅವರ ಕೈಲಿ ಆಗಲಿಲ್ಲ” ಎನ್ನುತ್ತಿದ್ದರು.

ಒಂದು ದಿನ ನಮ್ಮ ಪ್ರಯೋಗಾಲಯಕ್ಕೆ ಬಂದು, “ಏನಯ್ಯಾ, ಹೈಡ್ರಾಮೀಟರ್ ಇದೆಯಾ ನಿನ್ನ ಹತ್ರ? ಒಂದು ಥರ್ಮಾಮೀಟರೂ ಕೊಡು. ಭಾನುವಾರ ಮನೆಗೆ ಬಾ, ನಿನಗೆ ನಿಜವಾದ ಸೈನ್ಸ್ ತೋರಿಸ್ತೀನಿ” ಎಂದರು. ಕಾಲೇಜಿನ ಸಾಮಾನನ್ನು ಹೊರಗೆ ಕೊಡುವ ಅಧಿಕಾರ ನನಗಿರಲಿಲ್ಲ. ನೌಕರಿ ಕಾಯಂ ಆಗಿರಲಿಲ್ಲ, ಅವರು ಪ್ರಿನ್ಸಿಪಾಲರ ಪಕ್ಕ ಕೂರುವವರು. ಕೊಟ್ಟೆ.

ಮನೆಯಲ್ಲಿ ಬಿಯರ್ ಮಾಡುವುದು ಅವರ ಯೋಜನೆ. ಧಾನ್ಯವನ್ನು ಮೊಳಕೆ ಬರಿಸಿ, ಒಣಗಿಸಿ, ಒಡೆದು, ಹದವಾದ ಬಿಸಿನೀರಿನಲ್ಲಿ ನೆನೆಹಾಕಿದರೆ ಅದರೊಳಗಿನ ಹಿಟ್ಟಿನ ಅಂಶ ಸಕ್ಕರೆಯಾಗಿ ನೀರಿಗಿಳಿಯುತ್ತದೆ. ಇದಕ್ಕೆ ಅವರು ಮ್ಯಾಶ್ ಎನ್ನುತ್ತಿದ್ದರು. ಆ ಸಿಹಿನೀರನ್ನು ಸೋಸಿ, ಕುದಿಸಿ, ಆರಿಸಿ, ಬೇಕರಿಯಿಂದ ತಂದ ಈಸ್ಟ್ ಹಾಕಿ ಹುದುಗಲು ಬಿಟ್ಟರೆ ಬಿಯರು. ಎಷ್ಟು ಧಾನ್ಯಕ್ಕೆ ಎಷ್ಟು ಸಿಹಿ ಇಳಿಯಿತು ಎನ್ನುವುದರಲ್ಲೇ ಮಾಡುವವನ ಕೈಗುಣ ಇರುವುದು. ಹೈಡ್ರಾಮೀಟರ್ ಬೇಕಾದದ್ದು ಅದಕ್ಕೆ. ಸಿಹಿ ಹೆಚ್ಚಿದಷ್ಟೂ ಆ ಗಾಜಿನ ಕೊಳವೆ ದ್ರವದಲ್ಲಿ ಮೇಲೆ ತೇಲುತ್ತದೆ.

ಮೊದಲ ಸಲ ಅವರು ಅಂಗಡಿಯಿಂದ ತಂದದ್ದು ಜ್ವರ ಬಂದವರಿಗೆ ಗಂಜಿ ಕಾಯಿಸಿ ಕೊಡುವ ಬಾರ್ಲಿ. ಅದನ್ನು ನೆನೆಸಿ, ಒದ್ದೆ ಗೋಣಿಚೀಲದ ಮೇಲೆ ಹರಡಿ ಮೊಳಕೆಗಾಗಿ ಕಾದರು. ಅವರ ಹೆಂಡತಿ ಸರೋಜಕ್ಕ ಬಾಗಿಲ ಹತ್ತಿರ ನಿಂತು, “ಅದನ್ನ ಸಿಪ್ಪೆ ಹೋಗೋ ಹಾಗೆ ಉಜ್ಜಿರ್ತಾರೆ ರೀ. ಮೊಳಕೆ ಬರಲ್ಲ” ಎಂದರು. ಮೇಷ್ಟ್ರು ನನ್ನ ಕಡೆ ತಿರುಗಿ, “ನೋಡಯ್ಯಾ, ಎಂಟನೇ ಕ್ಲಾಸು. ನನಗೆ ಬಾಟನಿ ಹೇಳಿಕೊಡ್ತಾಳೆ” ಎಂದು ನಕ್ಕರು. ನಾನೂ ನಕ್ಕೆ. ನಾಲ್ಕನೆಯ ದಿನ ಬಾರ್ಲಿ ಮೊಳೆಯಲಿಲ್ಲ, ಕೊಳೆಯಿತು. ಆ ಗೋಣಿಯನ್ನು ಒಗೆದವರು ಸರೋಜಕ್ಕ. ಅಂಗಡಿಯವನು ಮೋಸ ಮಾಡಿದ ಎಂದು ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಹೇಳಿದರು.

ಸರೋಜಕ್ಕ ಹಳೇಬೀಡಿನವರು. ಹೆಚ್ಚು ಮಾತಿನವರಲ್ಲ. ಅತ್ತಿಗೆ ಕಾಯಿಲೆ ಬಿದ್ದಿದ್ದಾಗ ಅಣ್ಣನ ಇಬ್ಬರು ಮಕ್ಕಳನ್ನು ಕೂಸಿನಿಂದ ಸಾಕಿದವರು. ತಮಗೆ ಮಕ್ಕಳಾಗಿರಲಿಲ್ಲ. ಇದನ್ನೂ ಮೇಷ್ಟ್ರು ಬಂದವರ ಮುಂದೆ, ಆಕೆ ಕಾಫಿ ತಂದಿಡುತ್ತಿರುವಾಗಲೇ, ಕೆಟ್ಟುಹೋದ ಉಪಕರಣದ ವಿಷಯ ಹೇಳುವ ಹಾಗೆ ಹೇಳುತ್ತಿದ್ದರು. ಆಕೆ ಲೋಟ ಇಟ್ಟು ಒಳಗೆ ಹೋಗುತ್ತಿದ್ದರು.

ಬಾರ್ಲಿ ಕೈಕೊಟ್ಟ ಮೇಲೆ ಮೇಷ್ಟ್ರು ರಾಗಿಗೆ ಬಂದರು. ರಾಗಿ ನಮ್ಮ ಕಡೆ ಬೇಕಾದಷ್ಟು. ಮೊಳಕೆ ಬರಿಸುವುದು, ನೆರಳಲ್ಲಿ ಒಣಗಿಸುವುದು, ಬೇರು ಉಜ್ಜಿ ಕೇರುವುದು ಎಲ್ಲ ಸರೋಜಕ್ಕನ ಕೆಲಸ. ಮೇಷ್ಟ್ರು ಕುರ್ಚಿಯ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಗಿರಣಿಯಲ್ಲಿ ನುಣ್ಣಗೆ ಹಿಟ್ಟು ಮಾಡಿಸಿ, ಬಿಸಿನೀರಿಗೆ ಸುರಿದು, ಗಂಟೆ ಕಾದು ಸೋಸಲು ಹೋದರೆ ಬಟ್ಟೆಯ ಕಣ್ಣೆಲ್ಲ ಕಟ್ಟಿಕೊಂಡು ನೀರೇ ಇಳಿಯಲಿಲ್ಲ. ಇಳಿದಷ್ಟಕ್ಕೆ ಹೈಡ್ರಾಮೀಟರ್ ಹಾಕಿದೆ. ಸಾವಿರದ ಹದಿನೆಂಟು. ಬರಿಯ ನೀರಿಗೆ ಸಾವಿರ ತೋರಿಸುತ್ತದೆ. ಎಂದರೆ ಆ ರಾಗಿಯ ಸಿಹಿಯೆಲ್ಲ ರಾಗಿಯಲ್ಲೇ ಉಳಿದಿತ್ತು.

“ನಿನ್ನ ಹೈಡ್ರಾಮೀಟರ್ ಸರಿ ಇಲ್ಲ” ಎಂದರು.

ಮುಂದಿನ ಭಾನುವಾರ ಇನ್ನೊಂದು ಹೈಡ್ರಾಮೀಟರ್ ಒಯ್ದೆ. ಅದೂ ಹದಿನೆಂಟೇ ಹೇಳಿತು. ಆಗ ಅರಸೀಕೆರೆಯ ನೀರು ಸರಿ ಇಲ್ಲ ಎಂದಾಯಿತು. ಆಮೇಲೆ ಗಿರಣಿಯವನು ಸರಿ ಇಲ್ಲ. ಆಮೇಲೆ ರಾಗಿ ಬೆಳೆದವನು ಸರಿ ಇಲ್ಲ. ನೀರು ಇನ್ನೂ ಬಿಸಿ ಬೇಕು ಎಂದು ಒಂದು ಸಲ ಕುದಿಕುದಿಯುವ ನೀರನ್ನೇ ಹೊಯ್ಯಿಸಿದರು. ಹಿಟ್ಟೆಲ್ಲ ಅಂಬಲಿಯಾಗಿ ಗಟ್ಟಿಯಾಯಿತು, ಸಿಹಿ ಎನ್ನುವುದು ಹೆಸರಿಗೂ ಇಲ್ಲ. ಸಕ್ಕರೆ ಮಾಡುವ ಗುಣ ಮೊಳಕೆಯೊಳಗಿರುತ್ತದೆ, ಕುದಿನೀರಿಗೆ ಅದು ಸತ್ತುಹೋಗುತ್ತದೆ ಎಂಬುದು ಅವರು ಇಟ್ಟುಕೊಂಡಿದ್ದ ಬಿಯರಿನ ಪುಸ್ತಕದಲ್ಲೇ ಇತ್ತು. ಆ ಪುಟವನ್ನು ಅವರು ನನಗೆ ಗಟ್ಟಿಯಾಗಿ ಓದಿಯೂ ತೋರಿಸಿದ್ದರು. ಆದರೂ ಆ ದಿನ ಬೈಸಿಕೊಂಡವರು ಸರೋಜಕ್ಕ. “ಹೊಯ್ಯೋಕೂ ಬರಲ್ಲ ಇವಳಿಗೆ. ಬೇಸಿಕ್ಸ್ ಇಲ್ಲ ಕಣಯ್ಯಾ ಈ ಜನಕ್ಕೆ, ಬೇಸಿಕ್ಸ್ ಇಲ್ಲ” ಎಂದು ಎದ್ದು ಪೇಪರು ಓದಲು ಹೋದರು.

ನಾನು ಪಾತ್ರೆ ಎತ್ತಿಡಲು ನೆರವಾದೆ. ಸರೋಜಕ್ಕ ಆ ಗಟ್ಟಿ ಅಂಬಲಿಯನ್ನೇ ನೋಡುತ್ತಿದ್ದರು.

“ಸಾರೇ, ಒಂದು ಮಾತು ಕೇಳ್ಲಾ? ನಗಬೇಡಿ.”

“ಕೇಳಿ ಅಕ್ಕ.”

“ಕೂಸಿಗೆ ಗಂಜಿ ಗಟ್ಟಿಯಾದ್ರೆ ನಾವು ಒಂದು ಚಮಚ ಮೊಳಕೆಹಿಟ್ಟು ಕಲಸಿ ಹಾಕ್ತಿದ್ವಿ. ಗಂಜಿ ಒಲೆ ಮೇಲಿದ್ದಾಗ ಹಾಕಿದ್ರೆ ಏನೂ ಆಗಲ್ಲ. ಇಳಿಸಿ, ಒಂಚೂರು ಆರಿದ ಮೇಲೆ ಹಾಕಿದ್ರೆ ನೋಡನೋಡ್ತಾ ನೀರಾಗೋಗುತ್ತೆ. ಸಿಹಿನೂ ಆಗುತ್ತೆ. ಇದೂ ಅದೇ ಅಲ್ವಾ?”

ಅಷ್ಟು ಹೇಳಿ ಕೆಲಸಕ್ಕೆ ನಿಂತೇಬಿಟ್ಟರು. ಉಳಿದಿದ್ದ ಮೊಳಕೆ ರಾಗಿಯನ್ನು ಬೀಸುಕಲ್ಲಿನಲ್ಲಿ ರವೆಯ ಹಾಗೆ ತರಿತರಿಯಾಗಿ ಒಡೆದರು. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಕದಡಿ, ತಂಗಲು ಬಿಟ್ಟರು. ಮೇಲಿನ ತಿಳಿಯನ್ನು ಬಗ್ಗಿಸಿ ಬೇರೆ ಪಾತ್ರೆಗೆ ತೆಗೆದಿಟ್ಟರು. “ಗಂಜಿ ನೀರು ಮಾಡೋ ಗುಣ ಈ ತಿಳೀಲಿ ಇರುತ್ತೆ. ಇದನ್ನ ಒಲೆಗೆ ತೋರಿಸಬಾರದು” ಎಂದರು. ಅಡಿಯಲ್ಲಿ ಉಳಿದ ಗಟ್ಟಿಯನ್ನು ಚೆನ್ನಾಗಿ ಬೇಯಿಸಿದರು. ಇಳಿಸಿ, ಆರಲು ಬಿಟ್ಟು, ತಿಳಿಯನ್ನು ಸ್ವಲ್ಪ ಸ್ವಲ್ಪವೇ ಹುಯ್ಯುತ್ತ ತಿರುವಿದರು. ನಡುನಡುವೆ ಬೆರಳು ಅದ್ದಿ ತಕ್ಷಣ ತೆಗೆಯುತ್ತಿದ್ದರು. ಆಕೆ ಸಾಕು ಎಂದಾಗ ನಾನು ಥರ್ಮಾಮೀಟರ್ ಇಟ್ಟು ನೋಡಿದೆ. ಅರವತ್ತನಾಲ್ಕು ಡಿಗ್ರಿ. ಪುಸ್ತಕದಲ್ಲಿ ಇರಬೇಕು ಎಂದದ್ದು ಹೆಚ್ಚುಕಡಿಮೆ ಅಷ್ಟೇ. ಆಕೆ ಪಾತ್ರೆಗೆ ಕಂಬಳಿ ಸುತ್ತಿ ಮೂಲೆಗೆ ಇಟ್ಟರು.

ಗಂಟೆ ಕಳೆದು ತೆಗೆದಾಗ ಅಂಬಲಿ ಇರಲಿಲ್ಲ, ಕಂದುಬಣ್ಣದ ತೆಳ್ಳನೆಯ ನೀರಿತ್ತು. ನಾನು ಒಂದು ಹನಿಯನ್ನು ತಟ್ಟೆಗೆ ಹಾಕಿ ಅಯೋಡಿನ್ ಬಿಟ್ಟೆ. ಹಿಟ್ಟು ಉಳಿದಿದ್ದರೆ ಅದು ಕಡುನೀಲಿಯಾಗಬೇಕು. ಆಗಲಿಲ್ಲ. ಸೋಸಿದ ಮೇಲೆ ಚರಟಕ್ಕೆ ಇನ್ನೊಮ್ಮೆ ಬಿಸಿನೀರು ಹುಯ್ದು ನಿಧಾನವಾಗಿ ಹಿಂಡಿದರು. “ಕಾಯಿಹಾಲು ಒಂದೇ ಸಲ ಹಿಂಡಿ ಬಿಸಾಕ್ತೀವಾ? ಎರಡನೇ ಹಾಲೂ ತೆಗೀತೀವಲ್ಲ” ಎಂದರು. ತೆಂಗಿನಕಾಯಿಯ ಊರಿನಲ್ಲಿ ಕೂತು ಇಬ್ಬರು ವಿಜ್ಞಾನದವರಿಗೆ ಹೊಳೆಯದ ಮಾತು ಇದು. ಎರಡನ್ನೂ ಕೂಡಿಸಿ ಹೈಡ್ರಾಮೀಟರ್ ಬಿಟ್ಟೆ. ಸಾವಿರದ ನಲವತ್ತೊಂದು.

“ಸಾರ್, ಬನ್ನಿ ಇಲ್ಲಿ!” ಎಂದು ಕೂಗಿದೆ.

ಮೇಷ್ಟ್ರು ಪೇಪರು ಮಡಿಸಿ ಬಂದರು. ಬಾಗಿ ಅಂಕಿ ನೋಡಿದರು. ಹೆಂಡತಿಯ ಮುಖ ನೋಡಲಿಲ್ಲ. “ನಾನು ಹೇಳಲಿಲ್ವೇನಯ್ಯಾ, ಟೆಂಪರೇಚರ್ ಕಂಟ್ರೋಲ್ ಅಂತ? ಅದೇ ಇದು” ಎಂದು ನೋಟ್‌ಬುಕ್ ತೆಗೆದು ತಾರೀಖು ಹಾಕಿದರು. ಆಮೇಲೆ ಹೆಂಡತಿಗೆ, “ಏನೇನು ಮಾಡಿದೆ, ಒಂದೊಂದಾಗಿ ಹೇಳು” ಎಂದರು. ಆಕೆ ಹೇಳಿದರು. ಅವರು ಬರೆದುಕೊಂಡರು. ಆ ಪುಟದ ತಲೆಗೆ ‘ನನ್ನ ವಿಧಾನ’ ಎಂದು ಬರೆದದ್ದನ್ನು ನಾನು ಕಣ್ಣಾರೆ ನೋಡಿದೆ.

ಆಮೇಲೆ ಕೆಲವು ತಿಂಗಳು ಪ್ರತಿ ಭಾನುವಾರ ಆ ಮನೆಯಲ್ಲಿ ಬಿಯರು. ಸರೋಜಕ್ಕನ ಬೆರಳ ತುದಿಗಳು ಕೆಂಪಾಗಿ ಸಿಪ್ಪೆ ಏಳುತ್ತಿದ್ದವು. ಥರ್ಮಾಮೀಟರ್ ಇದೆಯಲ್ಲ ಅಕ್ಕ ಎಂದರೆ, “ಅದು ಒಂದು ಕಡೇದು ಹೇಳುತ್ತೆ. ತಳದಲ್ಲಿ ಬೇರೆ ಇರುತ್ತೆ, ಮೇಲೆ ಬೇರೆ ಇರುತ್ತೆ” ಎನ್ನುತ್ತಿದ್ದರು. ಬಿಯರು ಹೇಗಿತ್ತೆಂದು ಹೇಳುವಷ್ಟು ನನಗೆ ಅದರ ಪರಿಚಯವಿಲ್ಲ. ಕುಡಿದವರು ಚೆನ್ನಾಗಿದೆ ಎಂದರು. ಸರೋಜಕ್ಕ ಒಂದು ದಿನವೂ ಬಾಯಿಗೆ ಹಾಕಲಿಲ್ಲ. ಮೇಷ್ಟ್ರು ಬಾಟಲಿಗಳಲ್ಲಿ ತುಂಬಿಸಿ ಅವರಿವರಿಗೆ ಕೊಟ್ಟು, ಎದುರಿಗೆ ನಿಂತು ಕುಡಿಸಿ, ಹೊಗಳಿಸಿಕೊಂಡೇ ಮನೆಗೆ ಬರುತ್ತಿದ್ದರು.

ಆ ವರ್ಷವೇ ಬೇಲೂರಿನಲ್ಲಿ ವಿಜ್ಞಾನ ಮೇಷ್ಟ್ರುಗಳ ಒಂದು ಸಭೆ ನಡೆಯಿತು. ಇವರು ಭಾಷಣ ಮಾಡಿದರು. ಬಿಯರಿನ ಮಾತು ಎತ್ತಲಿಲ್ಲ, ಅಷ್ಟು ಜಾಣತನವಿತ್ತು. ಮಕ್ಕಳ ಪೌಷ್ಟಿಕ ಆಹಾರಕ್ಕಾಗಿ ರಾಗಿಯನ್ನು ಸಿಹಿಗೊಳಿಸುವ ವಿಧಾನ, ನನ್ನ ಎರಡು ವರ್ಷದ ತಪಸ್ಸು, ಎಂದರು. ತಿಳಿ ಬಗ್ಗಿಸುವುದು, ಗಟ್ಟಿ ಬೇಯಿಸುವುದು, ಕಂಬಳಿ, ಎರಡನೆಯ ಹಾಲು, ಎಲ್ಲವನ್ನೂ ಹೇಳಿದರು. ಕಾಯಿಹಾಲಿನ ಮಾತಿಗೆ ಸಭೆ ಚಪ್ಪಾಳೆ ತಟ್ಟಿತು. ವಾಪಸು ಬರುವಾಗ ಹಳೇಬೀಡಿನಲ್ಲಿ ಇಳಿಯಬಹುದೆಂದು ಸರೋಜಕ್ಕನೂ ಜೊತೆಗೆ ಬಂದಿದ್ದರು. ಹಿಂದಿನ ಬೆಂಚಿನಲ್ಲಿ ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಚಪ್ಪಾಳೆ ತಟ್ಟಿದಾಗ ಆಕೆಯೂ ತಟ್ಟಿದರು. ನಾನು ಪಕ್ಕದಲ್ಲೇ ಇದ್ದೆ. ಆಕೆಯ ಮುಖ ನೋಡುವ ಧೈರ್ಯವಾಗಲಿಲ್ಲ. ಕೊನೆಗೆ ಮೇಷ್ಟ್ರು ಕೃತಜ್ಞತೆ ಹೇಳಿದರು. ಪ್ರಿನ್ಸಿಪಾಲರಿಗೆ, ಸಭೆಯ ಅಧ್ಯಕ್ಷರಿಗೆ, ಹೈಡ್ರಾಮೀಟರ್ ಕೊಟ್ಟ ನನಗೂ.

ಅಬಕಾರಿಯವರು ಬಂದದ್ದು ಅದಾಗಿ ಒಂದು ತಿಂಗಳಿಗೆ. ಅವರಿಗೆ ಯಾರೂ ದೂರು ಕೊಡಬೇಕಾಗಿರಲಿಲ್ಲ, ಮೇಷ್ಟ್ರೇ ಊರಿಗೆಲ್ಲ ಹೇಳಿಕೊಂಡಿದ್ದರು. ಭಾನುವಾರ ಹನ್ನೊಂದು ಗಂಟೆಯ ಹೊತ್ತು. ಒಬ್ಬ ಇನ್ಸ್‌ಪೆಕ್ಟರ್, ಇಬ್ಬರು ಪೇದೆಗಳು. ಬಚ್ಚಲುಮನೆಯಲ್ಲಿ ಎರಡು ದೊಡ್ಡ ಜಾಡಿಗಳಲ್ಲಿ ಬಿಯರು ನೊರೆ ಎದ್ದು ಕೂತಿತ್ತು. ನಾನು ಹೈಡ್ರಾಮೀಟರ್ ಕೈಯಲ್ಲಿ ಹಿಡಿದು ನಿಂತಿದ್ದೆ. ಅದರ ಪೆಟ್ಟಿಗೆಯ ಮೇಲೆ ಕಾಲೇಜಿನ ಗುರುತು ಎದ್ದು ಕಾಣುತ್ತಿತ್ತು.

“ಏನ್ ಸಾಮಿ ಇದು? ಲೈಸೆನ್ಸ್ ಐತಾ?” ಎಂದು ಇನ್ಸ್‌ಪೆಕ್ಟರ್ ಕೇಳಿದರು.

ಮೇಷ್ಟ್ರ ಮುಖದ ರಕ್ತವೆಲ್ಲ ಇಳಿದುಹೋಯಿತು. ಮೈಮೇಲೆ ಆ ಬಿಳಿ ಕೋಟು ಬೇರೆ. “ನನಗೇನೂ ಗೊತ್ತಿಲ್ಲ ಸಾರ್. ನಾನು ಕಾಲೇಜು ಅಂತ ಹೊರಗಡೆ ಇರ್ತೀನಿ. ಇವೆಲ್ಲ ಇವಳದು. ನಮ್ಮ ಮನೆಯವಳದು. ಏನೋ ಮಾಡ್ಕೋತಾ ಇರ್ತಾಳೆ” ಎಂದರು.

ಅಡುಗೆಮನೆಯ ಬಾಗಿಲಲ್ಲಿ ಸರೋಜಕ್ಕ ಸೌಟು ಹಿಡಿದು ನಿಂತಿದ್ದರು. ನಾನು ಮಾತಾಡಬೇಕಾಗಿತ್ತು. ಇದು ಮೇಷ್ಟ್ರದು, ಸಾಮಾನು ನಾನು ತಂದದ್ದು ಎನ್ನಬೇಕಾಗಿತ್ತು. ಬಾಯಿ ಒಣಗಿತ್ತು ಎಂದು ಆಮೇಲೆ ನನಗೆ ನಾನೇ ಬಹಳ ಸಲ ಹೇಳಿಕೊಂಡಿದ್ದೇನೆ. ನೌಕರಿಯ ಭಯ ಎನ್ನುವುದೇ ಸರಿಯಾದ ಮಾತು.

“ಏನಮ್ಮಾ, ನಿಂದಾ ಇದು?”

ಆಕೆ ಗಂಡನನ್ನು ಒಂದು ಗಳಿಗೆ ನೋಡಿದರು. “ಹೌದು ಸಾರ್. ನಂದೇ” ಎಂದರು.

ಇನ್ಸ್‌ಪೆಕ್ಟರಿಗೆ ನಂಬಿಕೆ ಬರಲಿಲ್ಲ. “ಹೆಂಗ್ ಮಾಡಿದೆ ಹೇಳು ನೋಡಾನ” ಎಂದರು. ಸರೋಜಕ್ಕ ಹೇಳಿದರು. ಬಾಗಿಲ ಚೌಕಟ್ಟಿಗೆ ಒರಗಿ, ಮೊಳಕೆಯಿಂದ ಹಿಡಿದು ಎರಡನೆಯ ಹಾಲಿನ ತನಕ, ಎಷ್ಟು ಹೊತ್ತು, ಎಷ್ಟು ನೀರು, ಎಲ್ಲಿ ತಪ್ಪಿದರೆ ಏನಾಗುತ್ತದೆ, ತಪ್ಪಿದ್ದನ್ನು ಹೇಗೆ ಸರಿಮಾಡಬೇಕು, ಎಲ್ಲವನ್ನೂ ಒಂದು ತೊದಲಿಲ್ಲದೆ ಹೇಳಿದರು. ಅವರಿಗೆ ಅಷ್ಟು ಮಾತು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಪೇದೆಗಳಲ್ಲೊಬ್ಬ, “ನಮ್ಮವ್ವನೂ ಗಂಜಿಗೆ ಹಂಗೇ ಹಾಕ್ತಿದ್ಲು ಸಾ” ಎಂದ. ಇನ್ಸ್‌ಪೆಕ್ಟರ್ ಪರಿಶೀಲಿಸಲು ಮೇಷ್ಟ್ರ ಕಡೆ ತಿರುಗಿ ಒಂದೆರಡು ಪ್ರಶ್ನೆ ಕೇಳಿದರು. ಮೇಷ್ಟ್ರಿಗೆ ‘ಗೊತ್ತಿಲ್ಲ’ ಎನ್ನುವುದನ್ನು ಬಿಟ್ಟು ಬೇರೆ ದಾರಿ ಇರಲಿಲ್ಲ. ಬೇಲೂರಿನಲ್ಲಿ ಮುಕ್ಕಾಲು ಗಂಟೆ ಮಾತಾಡಿದ ಮನುಷ್ಯ ತಲೆ ಅಲ್ಲಾಡಿಸುತ್ತ ಗೊತ್ತಿಲ್ಲ, ಗೊತ್ತಿಲ್ಲ ಎನ್ನುತ್ತಿದ್ದರು.

“ಈ ಗಾಜಿಂದು ಯಾರ್ದು?” ಎಂದು ಇನ್ಸ್‌ಪೆಕ್ಟರ್ ನನ್ನ ಕೈ ನೋಡಿದರು.

“ಅದು ನಂದಲ್ಲ ಸಾರ್. ಇವರು ಏನೋ ಕೇಳೋಕೆ ಅಂತ ಈಗ ಬಂದ್ರು, ಇವರದೇ ಇರಬೇಕು. ಇದಕ್ಕೆ ಅದೆಲ್ಲ ಬೇಕಾಗಲ್ಲ” ಎಂದು ಸರೋಜಕ್ಕ ಹೇಳಿದರು. ನನ್ನನ್ನೂ ಉಳಿಸಿಬಿಟ್ಟರು.

ಪೇದೆಗಳು ಜಾಡಿಗಳನ್ನು ಎತ್ತಿ ಚರಂಡಿಗೆ ಸುರಿದರು. ಮಾರಿಲ್ಲ, ಮೊದಲ ಸಲ, ಹೆಣ್ಣುಮಗಳು ಎಂದು ಇನ್ಸ್‌ಪೆಕ್ಟರ್ ಮುಚ್ಚಳಿಕೆ ಬರೆಸಿಕೊಂಡು ಬಿಡಲು ಒಪ್ಪಿದರು. ಬರೆದ ಕಾಗದವನ್ನು ಸಹಿಗೆ ಚಾಚಿದಾಗ ಸರೋಜಕ್ಕ ಅದನ್ನು ಇಸಿದುಕೊಂಡು, ಬೆಳಕಿಗೆ ಹಿಡಿದು ಪೂರ್ತಿ ಓದಿದರು.

“ಸಾರ್, ಗಂಡನ ಸಹಾಯದಿಂದ ಮಾಡಿರುತ್ತೇನೆ ಅಂತ ಬರೆದಿದೀರಿ. ಅದನ್ನ ಹೊಡೆದುಹಾಕಿ. ಅವರು ಏನೂ ಸಹಾಯ ಮಾಡಿಲ್ಲ.”

ಇನ್ಸ್‌ಪೆಕ್ಟರ್ ಹೊಡೆದುಹಾಕಿದರು. ಆಕೆ ದುಂಡಗೆ ಸಹಿ ಮಾಡಿದರು.

ಮೂರು ದಿನವಾದ ಮೇಲೆ ಒಂದು ಟ್ರಂಕು ಹಿಡಿದು ಸರೋಜಕ್ಕ ಬಸ್ಸಿನಲ್ಲಿ ಹಳೇಬೀಡಿಗೆ ಹೋದರು. ವಾಪಸು ಬರಲಿಲ್ಲ. ಆಕೆಗೆ ಈ ಊರಿನ ಹವಾ ಒಗ್ಗುತ್ತಿರಲಿಲ್ಲ ಎಂದು ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಹೇಳಿದರು. ಯಾರೂ ಕೆದಕಲಿಲ್ಲ. ಕಾಲೇಜಿನಲ್ಲಿ ಅವರ ಮರ್ಯಾದೆಗೆ ಒಂದು ಗೀರೂ ಬೀಳಲಿಲ್ಲ. ಹೆಂಡತಿಯ ತಪ್ಪನ್ನು ಸಹಿಸಿಕೊಂಡ ದೊಡ್ಡ ಮನುಷ್ಯ ಎಂದು ಪ್ರಿನ್ಸಿಪಾಲರು ಮೆಚ್ಚಿಕೊಂಡರಂತೆ.

ಆರು ತಿಂಗಳಾಗಿರಬೇಕು. ಒಂದು ಸಂಜೆ ಮೇಷ್ಟ್ರು ನನ್ನನ್ನು ಮನೆಗೆ ಕರೆಸಿದರು. ಮೂರು ಸಲ ಮಾಡಿದರಂತೆ, ಗುಟ್ಟಾಗಿ. ಸಾವಿರದ ಇಪ್ಪತ್ತರ ಮೇಲೆ ಹೋಗುತ್ತಿಲ್ಲ. ನೋಟ್‌ಬುಕ್ಕಿನಲ್ಲಿ ‘ಆರಲು ಬಿಡುವುದು’ ಎಂದಿದೆ, ಎಷ್ಟು ಹೊತ್ತು ಎಂದು ಇಲ್ಲ. ತಿಳಿ ಎಷ್ಟು ಹೊತ್ತಿಗೆ ಬಗ್ಗಿಸಬೇಕು ಎಂಬುದೂ ಇಲ್ಲ.

“ನೀನು ಹಳೇಬೀಡಿಗೆ ಹೋಗಿ ಬಾರಯ್ಯಾ. ಕೇಳ್ಕೊಂಡು ಬಾ.”

“ವಾಪಸು ಬನ್ನಿ ಅಂತ ಹೇಳ್ಲಾ ಸಾರ್?”

“ಅದೆಲ್ಲ ಆಮೇಲೆ. ಮೊದಲು ಇದನ್ನ ಕೇಳು” ಎಂದರು.

ನಾನು ಹೋದೆ. ಅವರಿಗಾಗಿ ಅಲ್ಲ, ಆಕೆಯನ್ನು ಒಮ್ಮೆ ನೋಡಬೇಕಾಗಿತ್ತು. ಬಸ್ತಿಹಳ್ಳಿಯ ಕಡೆ ಹೋಗುವ ರಸ್ತೆಯಲ್ಲಿ ಅವರ ಅಣ್ಣನ ಮನೆ. ಅಂಗಳದಲ್ಲಿ ಬಟ್ಟೆ ಹಾಸಿ ಮೊಳಕೆ ರಾಗಿ ಒಣಗಹಾಕಿದ್ದರು. ಊರ ಬಾಲವಾಡಿಯಲ್ಲಿ ಮಕ್ಕಳಿಗೆ ಗಂಜಿ ಮಾಡುವ ಕೆಲಸ ಸಿಕ್ಕಿದೆ ಎಂದರು. ಗಂಜಿ ತೆಳ್ಳಗೆ, ಸಿಹಿಯಾಗಿ ಇರುವುದರಿಂದ ಊಟಕ್ಕೆ ಹಟ ಮಾಡುವ ಕೂಸುಗಳೂ ಲೋಟ ಖಾಲಿ ಮಾಡುತ್ತವಂತೆ. ಆಕೆಯ ಮೈ ತುಂಬಿಕೊಂಡಿತ್ತು.

“ಏನು ಹೇಳಿ ಕಳಿಸಿದ್ರು?” ಎಂದು ಕಾಫಿ ಕೊಟ್ಟು ಕೇಳಿದರು.

ಸುಳ್ಳು ಹೇಳಬೇಕೆಂದು ಬಸ್ಸಿನಲ್ಲಿ ಬಹಳ ಯೋಚಿಸಿದ್ದೆ. ಆಗಲಿಲ್ಲ. “ಗಂಜಿ ಎಷ್ಟು ಹೊತ್ತು ಆರಿಸಬೇಕು ಅಂತ ಕೇಳ್ಕೊಂಡು ಬಾ ಅಂದ್ರು ಅಕ್ಕ.”

ಆಕೆ ನಕ್ಕರು. ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಒಂದನ್ನೂ ಮುಚ್ಚಿಡದೆ ಎಲ್ಲ ಹೇಳಿದರು. ಚಳಿಗಾಲಕ್ಕೆ ಎಷ್ಟು, ಬೇಸಿಗೆಗೆ ಎಷ್ಟು, ಹೊಸ ರಾಗಿಗೆ, ಹಳೆ ರಾಗಿಗೆ. ನಾನು ಕೇಳದೆ ಇದ್ದದ್ದನ್ನೂ ಹೇಳಿದರು. ನಾನು ಎದ್ದು ಹೊರಟಾಗ ಅಂಗಳದ ತನಕ ಬಂದು, ಬಗ್ಗಿ ರಾಗಿ ಹರಡುತ್ತ, ತಲೆ ಎತ್ತದೆ ಕೇಳಿದರು.

“ಅವತ್ತು ನೀವೂ ಅಲ್ಲೇ ಇದ್ರಿ, ಅಲ್ವಾ?”

“ಇದ್ದೆ ಅಕ್ಕ.”

“ಹೂಂ” ಎಂದರು. “ಬಸ್ಸಿಗೆ ಹೊತ್ತಾಯ್ತು, ಹೋಗಿ ಬನ್ನಿ.”

ಅರಸೀಕೆರೆಗೆ ಬರುವ ತನಕ ಆ ಹೂಂ ನನ್ನ ಕಿವಿಯಲ್ಲೇ ಇತ್ತು. ಮೇಷ್ಟ್ರು ನೋಟ್‌ಬುಕ್ ತೆರೆದಿಟ್ಟುಕೊಂಡು ಕಾಯುತ್ತಿದ್ದರು. ಆಕೆ ಹೇಗಿದ್ದಾರೆ ಎಂದು ಕೇಳಲಿಲ್ಲ. “ಏನಂದ್ಲು?” ಎಂದರು. ನಾನು ಸುಮ್ಮನೆ ನಿಂತಿದ್ದೆ.

“ಹೇಳಲಿಲ್ಲ ತಾನೇ? ನನಗೆ ಗೊತ್ತಿತ್ತು. ಸಣ್ಣ ಬುದ್ಧಿ ಕಣಯ್ಯಾ. ಕಲಿತದ್ದನ್ನ ಹಂಚೋ ಮನಸ್ಸು ಬೇಕು, ಅದು ಅವಳಿಗಿಲ್ಲ.”

“ಎಲ್ಲಾ ಹೇಳಿದ್ರು ಸಾರ್. ನಾನು ನಿಮಗೆ ಹೇಳಲ್ಲ” ಎಂದೆ.

ಅವರಿಗೆ ಮೊದಲು ಅರ್ಥವಾಗಲಿಲ್ಲ. ಪೆನ್ನು ಹಿಡಿದುಕೊಂಡೇ ನನ್ನ ಮುಖ ನೋಡಿದರು. ಅರ್ಥವಾದ ಮೇಲೆ ಕಿವಿಯ ತನಕ ಕೆಂಪಾದರು. “ನಿನ್ನ ಟ್ರಾನ್ಸ್‌ಫರ್ ಮಾಡಿಸ್ತೀನಿ, ನೋಡ್ತಿರು” ಎಂದರು.

“ಮಾಡಿಸಿ ಸಾರ್” ಎಂದು ಬಂದೆ.

ಮಾಡಿಸಿದರು. ಬೇಸಿಗೆ ರಜೆ ಮುಗಿಯುವುದರೊಳಗೆ ನನ್ನನ್ನು ಬೇಲೂರಿಗೆ ಹಾಕಿದ ಆರ್ಡರು ಬಂತು. ಅದಕ್ಕಾಗಿ ಅವರು ತಾವೇ ಹಾಸನಕ್ಕೆ ಎರಡು ಸಲ, ಬೆಂಗಳೂರಿಗೆ ಒಂದು ಸಲ ಹೋಗಿ ಬಂದರಂತೆ, ಅರ್ಜಿಯನ್ನು ತಮ್ಮ ಕೈಯಾರೆ ಬರೆದರಂತೆ. ಆ ಮನುಷ್ಯ ಬದುಕಿನಲ್ಲಿ ಯಾರ ಸಹಾಯವೂ ಇಲ್ಲದೆ ಪೂರ್ತಿ ಮಾಡಿ ಮುಗಿಸಿದ ಕೆಲಸ, ನನಗೆ ತಿಳಿದಂತೆ, ಅದೊಂದೇ.